ವೇಗದ ಕಾರೋ, ಮನೆಯ ಕಾರೋ? ಆಕ್ಟೇವಿಯಾ ಕೊಳ್ಳುವವರಿಗೆ ಒಂದು ವಿವೇಚನೆ

ನಮ್ಮ ಹಿರಿಯರು ಎತ್ತು ಕೊಳ್ಳುವಾಗ ಸುಳಿ ನೋಡುತ್ತಿದ್ದರು, ಹಲ್ಲು ಎಣಿಸುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಸದ್ದು ಕೇಳುತ್ತಿದ್ದರು. ಅಷ್ಟಾದರೂ ಮನೆಯವರೊಡನೆ ಒಂದು ಮಾತು ಕೇಳದೆ ಸಂಚಕಾರ ಕೊಡುತ್ತಿರಲಿಲ್ಲ. ಹೊಲಕ್ಕೂ ಜಾತ್ರೆಗೂ ಅದೇ ಜೋಡಿ ಎತ್ತು ಬೇಕಾಗಿದ್ದುದರಿಂದ, ಓಡುವ ಎತ್ತೋ ಉಳುವ ಎತ್ತೋ ಎಂಬ ಪ್ರಶ್ನೆ ಅವರಿಗೆ ಸಣ್ಣದಾಗಿರಲಿಲ್ಲ. ಇಂದು ಎತ್ತಿನ ಸ್ಥಾನದಲ್ಲಿ ಕಾರು ಬಂದಿದೆ. ಸಾಲ ಮಂಜೂರಾಗಲು ಒಂದು ದಿನವೂ ಬೇಕಾಗಿಲ್ಲ. ಆದರೆ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ನಮಗೆ ಪರಿಚಿತವಾದ ಒಂದು ಕುಟುಂಬದಲ್ಲಿ ಇತ್ತೀಚೆಗೆ ಈ ಪ್ರಶ್ನೆ ಎದ್ದಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ, ಸ್ಕೋಡಾ ಆಕ್ಟೇವಿಯಾ ಆರ್.ಎಸ್. ಎಂಬ ವೇಗದ ಕಾರನ್ನು ಹಳೆಯದಾದರೂ ಚಿಂತೆಯಿಲ್ಲ, ಕೊಳ್ಳಲೇಬೇಕೆಂದು ಮನಸ್ಸು ಮಾಡಿದ್ದನು. ಊರಿನಲ್ಲಿರುವ ತಂದೆಯವರು, "ಇದು ಮನೆಮಂದಿಗೆ ಒಗ್ಗುವ ಗಾಡಿ ಹೌದೋ ಅಲ್ಲವೋ, ನೀವು ಒಂದು ಮಾತು ಹೇಳಿರಿ" ಎಂದು ನಮ್ಮನ್ನು ಕೇಳಿದರು. ಅವರಿಗೆ ಹೇಳಿದ್ದು ನಮ್ಮ ಓದುಗ ಬಂಧುಗಳಿಗೂ ಪ್ರಯೋಜನವಾದೀತೆಂದು ಇಲ್ಲಿ ವಿವರಿಸುತ್ತಿದ್ದೇವೆ.

ಇದು ಯಾವ ಬಗೆಯ ಕಾರು?

ಕಾರುಗಳಲ್ಲಿ ಎರಡು ಬಗೆಯವು ನಮ್ಮ ಜನರಿಗೆ ಚಿರಪರಿಚಿತ. ಡಿಕ್ಕಿ ಬೇರೆಯಾಗಿ ಹಿಂದಕ್ಕೆ ಚಾಚಿರುವುದು ಸೆಡಾನ್. ಹಿಂಬದಿಯ ಗಾಜಿನೊಡನೆಯೇ ಬಾಗಿಲು ಮೇಲೇಳುವುದು ಹ್ಯಾಚ್‌ಬ್ಯಾಕ್. ಆಕ್ಟೇವಿಯಾ ಇವೆರಡರ ಸಂಗಮ. ಹೊರಗಿನಿಂದ ನೋಡಿದರೆ ಸೆಡಾನ್. ಆದರೆ ಡಿಕ್ಕಿ ತೆರೆದರೆ ಹಿಂದಿನ ಗಾಜೂ ಅದರೊಡನೆ ಮೇಲೇಳುತ್ತದೆ. ಇದನ್ನು ಲಿಫ್ಟ್‌ಬ್ಯಾಕ್ ಎಂದೂ ಕರೆಯುವರು.

ಇದನ್ನು ತಯಾರಿಸುವ ಸಂಸ್ಥೆ 1895ರಲ್ಲಿ, ಇಂದಿನ ಚೆಕ್ ಗಣರಾಜ್ಯದ ಮ್ಲಾಡಾ ಬೊಲೆಸ್ಲಾವ್ ಪಟ್ಟಣದಲ್ಲಿ, ಲಾರಿನ್ ಎಂಬ ಯಂತ್ರಕುಶಲಿ ಮತ್ತು ಕ್ಲೆಮೆಂಟ್ ಎಂಬ ಪುಸ್ತಕ ವ್ಯಾಪಾರಿ ಕೂಡಿ ಸೈಕಲ್ಲಿನ ಉದ್ಯಮವಾಗಿ ಆರಂಭಿಸಿದ್ದು. 1925ರಲ್ಲಿ ಅದು ಸ್ಕೋಡಾ ಕಾರ್ಖಾನೆಯೊಡನೆ ವಿಲೀನವಾಯಿತು. 1991ರಿಂದ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ ಅದರಲ್ಲಿ ಪಾಲು ಪಡೆಯಿತು. 1959ರಲ್ಲಿ ಮೊದಲು ಬಂದ ಆಕ್ಟೇವಿಯಾ ಎಂಬ ಹೆಸರು 1996ರಲ್ಲಿ ಹೊಸ ರೂಪದಲ್ಲಿ ಮರಳಿತು. ನಮ್ಮ ದೇಶಕ್ಕೆ ಅದು 2001ರಲ್ಲಿ, ಅಂದಿನ ಔರಂಗಾಬಾದಿನ ಕಾರ್ಖಾನೆಯ ಮೂಲಕ ಕಾಲಿಟ್ಟಿತು. ಅದರ ವೇಗದ ಅವತಾರವಾದ ಆರ್.ಎಸ್. 2004ರಲ್ಲಿಯೂ, ಅನಂತರ 2017 ಮತ್ತು 2020ರಲ್ಲಿಯೂ ಮಿತವಾದ ಸಂಖ್ಯೆಯಲ್ಲಿ ಬಂದಿತು.

2023ರಲ್ಲಿ ಸಾಮಾನ್ಯ ಆಕ್ಟೇವಿಯಾದ ಮಾರಾಟ ಭಾರತದಲ್ಲಿ ನಿಂತಿತು. 2025ರಲ್ಲಿ ಪೂರ್ಣವಾಗಿ ಆಮದಾದ 100 ಆರ್.ಎಸ್. ಕಾರುಗಳನ್ನಷ್ಟೇ ಕಂಪನಿ ಮಾರಾಟಕ್ಕಿಟ್ಟಿತು; ಅವಷ್ಟೂ ಕೂಡಲೇ ಮುಗಿದುಹೋದವು. ಆದ್ದರಿಂದ ಬಹುಪಾಲು ಜನರಿಗೆ ಇದು ಹಳೆಯ ಗಾಡಿಯನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಆಗಿದೆ.

ಗುಣಗಳು

ಮೊದಲನೆಯ ಗುಣ ಡಿಕ್ಕಿಯದು. ಸಣ್ಣ ಕಾರಾದ ಸ್ವಿಫ್ಟಿನ ಡಿಕ್ಕಿ ಸುಮಾರು 265 ಲೀಟರಿನಷ್ಟು. 2013ರ ನಂತರದ ಆಕ್ಟೇವಿಯಾದ ಡಿಕ್ಕಿ ಸುಮಾರು 590 ಲೀಟರು, ಅಂದರೆ ಎರಡು ಪಟ್ಟಿಗಿಂತಲೂ ಹೆಚ್ಚು. ಹಿಂದಿನ ಸೀಟುಗಳನ್ನು ಮಡಚಿದರೆ ಸ್ಥಳ 1,500 ಲೀಟರನ್ನೂ ಮೀರುತ್ತದೆ. ಗಾಜಿನೊಡನೆ ಬಾಗಿಲು ಪೂರ್ತಿ ತೆರೆಯುವುದರಿಂದ ಅಕ್ಕಿಯ ಮೂಟೆ, ದಾಸೋಹಕ್ಕೆ ಒಯ್ಯುವ ದೊಡ್ಡ ಪಾತ್ರೆ, ಮಡಚಿದ ಗಾಲಿಕುರ್ಚಿ ಇವನ್ನು ಓರೆಮಾಡದೆ ನೇರವಾಗಿ ಇಡಬಹುದು. ಸೆಡಾನಿನ ಕಿರಿದಾದ ಬಾಯಿಯಲ್ಲಿ ಇದು ಸಾಧ್ಯವಾಗದು.

ಎರಡನೆಯದು ಭದ್ರತೆ. ಯುರೋಪಿನ ಅಪಘಾತ ಪರೀಕ್ಷೆಯಲ್ಲಿ ಮೂರನೆಯ ತಲೆಮಾರಿನ ಆಕ್ಟೇವಿಯಾ 2013ರಲ್ಲಿಯೂ, ನಾಲ್ಕನೆಯದು 2019ರಲ್ಲಿಯೂ ಐದು ನಕ್ಷತ್ರಗಳನ್ನು ಪಡೆದಿವೆ. ಹೆದ್ದಾರಿಯಲ್ಲಿ ಗಾಡಿ ನೆಲವನ್ನು ಹಿಡಿದು ಸ್ಥಿರವಾಗಿ ಓಡುತ್ತದೆ. ತಿರುವಿನಲ್ಲಿ ಎತ್ತರದ ಗಾಡಿಗಳಂತೆ ಒಲೆಯುವುದಿಲ್ಲ.

ಮೂರನೆಯದು ಎಂಜಿನ್ನಿನ ಬಲ. 2017ರ ಆರ್.ಎಸ್. 230 ಅಶ್ವಶಕ್ತಿಯದು, 2020ರದು 245, 2025ರದು 265. ಈ ಕೊನೆಯದು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೇರಲು 6.4 ಸೆಕೆಂಡು ಸಾಕು. ಇಂತಹ ಬಲದಿಂದ ಲಾರಿಯೊಂದನ್ನು ದಾಟುವಾಗ ಎದುರು ಬದಿಯಲ್ಲಿ ಕಳೆಯುವ ಕಾಲ ಕಡಿಮೆಯಾಗುವುದೆಂಬುದು ನಿಜ. ನಾವು ಅದನ್ನು ಅಲ್ಲಗಳೆಯುವುದಿಲ್ಲ.

ದೋಷಗಳು

ಗಾಡಿ ನೆಲಕ್ಕೆ ತಗ್ಗಾಗಿದೆ, ಆರ್.ಎಸ್. ಇನ್ನಷ್ಟು ತಗ್ಗು. ಉಳವಿಯ ಕಾಡುದಾರಿಯಲ್ಲಿ, ಹಳ್ಳಿಹಳ್ಳಿಯ ಮುಂದೆ ಲೆಕ್ಕವಿಲ್ಲದೆ ಹಾಕಿರುವ ರಸ್ತೆ ಉಬ್ಬುಗಳಲ್ಲಿ, ಐದು ಮಂದಿ ತುಂಬಿದ ಗಾಡಿಯ ಹೊಟ್ಟೆ ಕೆರೆಯುವ ಭಯ ತಪ್ಪಿದ್ದಲ್ಲ. ವೇಗಕ್ಕಾಗಿ ತೆಳ್ಳಗಿನ ಟೈರು, ದೊಡ್ಡ ಚಕ್ರಗಳನ್ನು ಕೊಟ್ಟಿರುವುದರಿಂದ ಗುಂಡಿಗೆ ಬಿದ್ದಾಗ ಟೈರು ಒಡೆಯುವ, ಚಕ್ರ ಸೊಟ್ಟಗಾಗುವ ಸಂಭವ ಹೆಚ್ಚು. ಬಿಗಿಯಾದ ಸಸ್ಪೆನ್ಷನ್ನಿನ ಕುಲುಕಾಟ ಚಾಲಕನಿಗೆ ಹಿತವೆನಿಸಬಹುದು; ಹಿಂದೆ ಕುಳಿತ ಬೆನ್ನುನೋವಿನವರಿಗೆ ಹಿತವಲ್ಲ.

ಹಿಂದಿನ ಸೀಟಿನ ನಡುವೆ ನೆಲ ಉಬ್ಬಿರುವುದರಿಂದ ಐದನೆಯವರು ಕಾಲು ಅಗಲಿಸಿಯೇ ಕೂಡಬೇಕು. ತಗ್ಗಿದ ಆಸನದಿಂದ ಮಂಡಿನೋವಿನ ಹಿರಿಯರು ಏಳುವುದೂ ಕಷ್ಟ. ಡಿಕ್ಕಿಗೂ ಒಳಭಾಗಕ್ಕೂ ನಡುವೆ ಭದ್ರವಾದ ಗೋಡೆ ಇರದ ಕಾರಣ, ಮೇಲ್ಮಟ್ಟಕ್ಕೆ ಪೇರಿಸಿದ ಸಾಮಾನು ತಟ್ಟನೆ ಬ್ರೇಕು ಹಾಕಿದಾಗ ಮುಂದಕ್ಕೆ ಚಿಮ್ಮಬಹುದು. ಅದನ್ನು ಕಟ್ಟಿಯೇ ಇಡಬೇಕು. ದೊಡ್ಡ ಬಾಗಿಲು ಮೇಲೇಳುವುದರಿಂದ ತಗ್ಗಿನ ಶೆಡ್ಡಿನ ಸೂರಿಗೆ ತಾಗದಂತೆ ಎಚ್ಚರವೂ ಬೇಕು.

ಹಣದ ಲೆಕ್ಕ

2025ರ ಆರ್.ಎಸ್. ಕಾರಿನ ಷೋರೂಂ ಬೆಲೆ 49.99 ಲಕ್ಷ ರೂಪಾಯಿ. 20 ಲಕ್ಷ ಮೀರಿದ ಕಾರುಗಳಿಗೆ ನಮ್ಮ ರಾಜ್ಯದಲ್ಲಿ ಜೀವಿತಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್ ಬೇರೆ. ಅಂದರೆ ತೆರಿಗೆಯೊಂದೇ ಒಂಬತ್ತು ಲಕ್ಷದ ಆಸುಪಾಸಿಗೆ ಬರುವುದು. ಅಷ್ಟು ಹಣಕ್ಕೆ ಹಲವು ಸಂಸಾರಗಳು ಹೊಸ ಕಾರನ್ನೇ ಕೊಂಡು ತೃಪ್ತವಾಗಿವೆ.

ಹಳೆಯದನ್ನು ಕೊಂಡರೆ ಬೆಲೆ ಇಳಿಯುವುದು. ಆದರೆ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹತ್ತು ಲಕ್ಷ ಸಾಲವನ್ನು ಶೇ. 10ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತೆಗೆದರೆ ತಿಂಗಳಿಗೆ ಸುಮಾರು 16,600 ರೂಪಾಯಿ ಕಟ್ಟಬೇಕು. ಒಟ್ಟು ಬಡ್ಡಿ ನಾಲ್ಕು ಲಕ್ಷಕ್ಕೆ ಸಮೀಪ. ಹಳೆಯ ಗಾಡಿಯ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಇನ್ನೂ ಹೆಚ್ಚು. ಇದರ ಮೇಲೆ ಪೆಟ್ರೋಲು, ವಿಮೆ, ಟೈರು.

ಕೊಳ್ಳುವವರು ಸರ್ವಿಸಿನ ದಾಖಲೆಗಳನ್ನು ಆರಂಭದಿಂದ ಓದಬೇಕು. ಎರಡು ಕ್ಲಚ್ಚುಗಳ ಸ್ವಯಂಚಾಲಿತ ಗೇರ್‌ಬಾಕ್ಸು ರಿಪೇರಿಗೆ ಬಂದರೆ ಖರ್ಚು ದೊಡ್ಡದು; ಆದ್ದರಿಂದ ತಿಳಿದ ಮೆಕ್ಯಾನಿಕ್ಕಿನಿಂದ ಅದನ್ನು ಪರೀಕ್ಷಿಸಬೇಕು. ಹಿಂದಿನ ಮಾಲೀಕರು ಎಂಜಿನ್ನಿನ ಬಲ ಹೆಚ್ಚಿಸಲು ಮಾರ್ಪಾಡು ಮಾಡಿಸಿದ್ದಾರೆಯೇ, ಬ್ಯಾಂಕಿನ ಸಾಲ ತೀರಿ ಆರ್.ಸಿ. ಪುಸ್ತಕದಲ್ಲಿ ಅದರ ನಮೂದು ತೆಗೆದಿದೆಯೇ, ಹೊರರಾಜ್ಯದ ಗಾಡಿಯಾದರೆ ಇಲ್ಲಿಯ ತೆರಿಗೆ ಎಷ್ಟು ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು.

ವೇಗದ ಪ್ರಶ್ನೆ

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು, ಅವರಲ್ಲಿ ಶೇ. 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ವೇಗ ಎರಡು ಪಟ್ಟಾದರೆ ಗಾಡಿಯಲ್ಲಿ ಅಡಗಿದ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕಾರಿನಲ್ಲಿ ಗಾಳಿಚೀಲಗಳು ಎಷ್ಟೇ ಇರಲಿ, ಈ ನಿಯಮ ಬದಲಾಗದು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಬೆಲೆಬಾಳುವ ಕಾರಿನ ಹಿಂದಿನ ಆಸನದಲ್ಲಿ ಬೆಲ್ಟು ಧರಿಸದೆ ಕುಳಿತು ಅಪಘಾತದಲ್ಲಿ ತೀರಿಕೊಂಡುದನ್ನು ನಾವು ಮರೆಯಬಾರದು.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ. ಗಂಟೆಗೆ 250 ಕಿ.ಮೀ. ಓಡಬಲ್ಲ ಗಾಡಿಯ ಬಹುಪಾಲು ಬಲವನ್ನು ನಾವು ನ್ಯಾಯವಾಗಿ ಬಳಸುವಂತೆಯೇ ಇಲ್ಲ. ಬಳಸಲಾಗದ ಬಲಕ್ಕೆ ಹಣ ತೆತ್ತ ಮೇಲೆ, ಬಳಸಿಬಿಡಬೇಕೆಂಬ ಆಸೆ ಯೌವನದಲ್ಲಿ ಹುಟ್ಟುವುದು ಸಹಜ. ಆರ್.ಎಸ್. ಕಾರಿನ ನಿಜವಾದ ದೋಷ ಇದೇ ಎಂಬುದು ನಮ್ಮ ಭಾವನೆ.

ನಮ್ಮ ಅಭಿಪ್ರಾಯ

ಕಾಯಕದಿಂದ ಗಳಿಸಿದ ಹಣದಲ್ಲಿ ಒಳ್ಳೆಯ ವಾಹನ ಕೊಳ್ಳುವುದು ತಪ್ಪಲ್ಲ. ಶರಣರು ದುಡಿಮೆಯನ್ನೂ ಬಾಳನ್ನೂ ನಿರಾಕರಿಸಿದವರಲ್ಲ. ಆದರೆ ಅಂದಿನ ಅಗತ್ಯಕ್ಕೆ ಮೀರಿ ಪತಿ ಮಾರಯ್ಯನವರು ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಮ್ಮೆಲ್ಲರ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆ. ಎಷ್ಟು ಬೇಕು ಎಂಬ ಆ ತಾಯಿಯ ಪ್ರಶ್ನೆ ಅಕ್ಕಿಗೆ ಮಾತ್ರ ಸಲ್ಲುವುದಲ್ಲ, ಅಶ್ವಶಕ್ತಿಗೂ ಸಲ್ಲುತ್ತದೆ.

ಆದ್ದರಿಂದ ನಾವು ಆ ತಂದೆಯವರಿಗೆ ಹೀಗೆ ಹೇಳಿದೆವು: ಈ ಕಾರಿನ ಮೈಕಟ್ಟು ಮನೆಗೆ ಒಪ್ಪುವಂಥದು, ಡಿಕ್ಕಿ, ಭದ್ರತೆ, ಸ್ಥಿರತೆ ಮೂರೂ ಸಾಮಾನ್ಯ ಆಕ್ಟೇವಿಯಾದಲ್ಲಿಯೇ ದೊರೆಯುತ್ತವೆ. ಚೆನ್ನಾಗಿ ನೋಡಿಕೊಂಡ ಅಂತಹದೊಂದು ಸಿಕ್ಕರೆ, ಸಾಲ ಹೊರೆಯಾಗದಿದ್ದರೆ, ಕೊಳ್ಳಬಹುದು. ಆರ್.ಎಸ್. ಬೇಡ. ಎಲ್ಲಕ್ಕೂ ಮುನ್ನ ಮನೆಯ ಹಿರಿಯರನ್ನು ಗಾಡಿಯ ಹಿಂದಿನ ಆಸನದಲ್ಲಿ ಕೂಡಿಸಿ ನೋಡಿರಿ.

ಅವರು ಹಾಗೆಯೇ ಮಾಡಿದರು. ಮಗನು ಮೆಚ್ಚಿದ ಆರ್.ಎಸ್. ಕಾರನ್ನು ನೋಡಲು ಮನೆಮಂದಿಯೆಲ್ಲ ಹೋದರು. ಅಜ್ಜಿ ಸಂತೋಷದಿಂದಲೇ ಹತ್ತಿ ಕುಳಿತರು. ಇಳಿಯುವಾಗ ಮಾತ್ರ ಬಾಗಿಲನ್ನು ಎರಡು ಸಲ ಹಿಡಿದರೂ ಏಳಲಾಗಲಿಲ್ಲ. ಮೊಮ್ಮಗನೇ ಬಾಗಿ ಎರಡೂ ಕೈ ಕೊಟ್ಟು ಎಬ್ಬಿಸಿದನು. "ಗಾಡಿ ಚಲೋ ಐತಿ ತಮ್ಮಾ, ನನ್ನ ಮೊಣಕಾಲs ಸರಿ ಇಲ್ಲ" ಎಂದು ಅವರು ನಕ್ಕರಂತೆ. ಆ ದಿನ ಅವನು ಮುಂಗಡ ಕೊಡದೆ ಮರಳಿದನು.

ಎತ್ತಿನ ಸಂತೆಗೆ ಹಿರಿಯರನ್ನು ಕರೆದೊಯ್ಯುತ್ತಿದ್ದ ಪದ್ಧತಿ ಕಾರಿನ ಕಾಲಕ್ಕೂ ಉಳಿಯಲಿ ಎಂಬುದೇ ನಮ್ಮ ಬಿನ್ನಹ.