ಮಾಗಿಯ ಒಣಗಾಳಿಯಲ್ಲಿ ಕೂದಲು

ಚಳಿಗಾಲದಲ್ಲಿ ಕೂದಲು ಒರಟಾಗುತ್ತದೆ, ಬಾಚಣಿಗೆಗೆ ಬಗ್ಗುವುದಿಲ್ಲ, ಮುಟ್ಟಿದರೆ ಚಟಪಟ ಸಿಡಿಯುತ್ತದೆ. ಇದಕ್ಕೆಲ್ಲ ಚಳಿಗಿಂತ ಹೆಚ್ಚಾಗಿ ಗಾಳಿಯ ಒಣತನವೇ ಕಾರಣ. ಗಾಳಿ ತಣ್ಣಗಾದಷ್ಟೂ ಅದರಲ್ಲಿ ಇರಬಲ್ಲ ನೀರಾವಿ ಕಡಿಮೆಯಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು. 10 ಡಿಗ್ರಿಯಲ್ಲಿ ಅದು 9 ಗ್ರಾಂ ಚಿಲ್ಲರೆ. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂ ಕೂಡ ಇಲ್ಲ. ಬೀದರ್, ಕಲಬುರಗಿ, ವಿಜಯಪುರದ ಬಯಲಿನಲ್ಲಿ ಬೆಳಗಿನ ಜಾವ 10 ಡಿಗ್ರಿಗೆ ಇಳಿದ ಗಾಳಿ ನೀರಾವಿಯಿಂದ ಪೂರ್ತಿ ತುಂಬಿದೆ ಎಂದೇ ಇಟ್ಟುಕೊಂಡರೂ, ಮಧ್ಯಾಹ್ನ 28 ಡಿಗ್ರಿಗೆ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 35ರ ಆಸುಪಾಸಿಗೆ ಇಳಿಯುತ್ತದೆ. ಇದ್ದ ನೀರಾವಿ ಎಲ್ಲಿಗೂ ಹೋಗಿಲ್ಲ, ಗಾಳಿಯ ದಾಹ ಮಾತ್ರ ಹೆಚ್ಚಿದೆ. ಸಮುದ್ರದ ಮಗ್ಗುಲಿಗಿರುವ ಮಂಗಳೂರು, ಕಾರವಾರಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣದು. ಹಿಮ ಬೀಳುವ ಟೊರಾಂಟೊ, ಷಿಕಾಗೊಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಅದರ ಪೂರ್ತಿ ಅನುಭವವಾಗುತ್ತದೆ: ಹೊರಗಿನ ಮೈನಸ್ 10 ಡಿಗ್ರಿಯ ಗಾಳಿ ಮನೆಯೊಳಗೆ ಬಂದು ಹೀಟರಿನಲ್ಲಿ 22 ಡಿಗ್ರಿಗೆ ಕಾದರೆ, ತೇವ ಸೇರಿಸುವ ಯಂತ್ರ ಇಲ್ಲದ ಪಕ್ಷದಲ್ಲಿ, ಅದು ಮರುಭೂಮಿಯ ಗಾಳಿಯಷ್ಟು ಒಣಗಿರುತ್ತದೆ.

ಕೂದಲಿಗೂ ಗಾಳಿಯ ತೇವಕ್ಕೂ ಇರುವ ನಂಟು ಎಷ್ಟು ನಿಖರವೆಂದರೆ, ಬಹುಕಾಲ ಅದೇ ಒಂದು ಅಳತೆಯ ಸಾಧನವಾಗಿತ್ತು. ಜಿನೀವಾದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1783ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯನ ಕೂದಲೆಳೆಯಿಂದ ಮಾಡಿದ ಆರ್ದ್ರತಾಮಾಪಕವನ್ನು ವಿವರಿಸಿದ. ಪೂರ್ತಿ ಒಣಗಿದ ಎಳೆ ಪೂರ್ತಿ ತೇವಗೊಂಡಾಗ ಉದ್ದದಲ್ಲಿ ಸುಮಾರು ಶೇಕಡಾ 2ರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಮಾಪಕದ ಮುಳ್ಳನ್ನು ತಿರುಗಿಸುತ್ತಿತ್ತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಎಳೆಯನ್ನು ಮಾಪಕಕ್ಕೆ ಕಟ್ಟುವ ಮೊದಲು ಸೊಸ್ಯೂರ್ ಅದನ್ನು ಸೋಡಾ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದ. ಜಿಡ್ಡಿರುವ ಕೂದಲಿಗೆ ನೀರಾವಿ ನಿಧಾನವಾಗಿ ಹೋಗಿ ಬರುವುದರಿಂದ ಮಾಪಕ ಚುರುಕಾಗಿರುತ್ತಿರಲಿಲ್ಲ. ಅವನಿಗೆ ತೊಡಕಾಗಿದ್ದ ಈ ಗುಣವೇ ಚಳಿಗಾಲದ ಆರೈಕೆಗೆ ಆಧಾರ.

ಕೂದಲು ಬೇರಿನಲ್ಲಿ ಮಾತ್ರ ಜೀವಂತ. ನೆತ್ತಿಯಿಂದ ಹೊರಗೆ ಬಂದ ಎಳೆಯಲ್ಲಿ ಕೋಶಗಳು ಸತ್ತು, ಕೆರಾಟಿನ್ ಎಂಬ ಪ್ರೋಟೀನಿನ ನಾರಾಗಿ ಉಳಿದಿರುತ್ತವೆ. ಹಾಗಾಗಿ ಸೀಳಿದ ತುದಿ ಗಾಯದಂತೆ ಮಾಯುವುದಿಲ್ಲ. ಹಚ್ಚಿದ ಯಾವ ವಸ್ತುವೂ ಅದಕ್ಕೆ ಪೋಷಣೆ ಕೊಡಲಾರದು, ಇರುವುದನ್ನು ಕಾಪಾಡಬಲ್ಲದು ಅಷ್ಟೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಲೆಕ್ಕದಲ್ಲಿ, ಸೊಂಟದವರೆಗೆ ಇಳಿದ ಜಡೆಯ ತುದಿ ಐದಾರು ವರ್ಷ ಹಳೆಯದು. ಐದಾರು ಮಾಗಿಗಳನ್ನು ಕಂಡು ಸವೆದದ್ದು. ಎಳೆಯ ಮೈಮೇಲೆ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಸರಿದು ಕೂತ ತೆಳು ಚಕ್ಕೆಗಳಿವೆ, ಅವುಗಳ ಬಾಯಿ ತುದಿಯ ಕಡೆಗೆ. ಆ ಚಕ್ಕೆಗಳ ಮೇಲೆ ಹುಟ್ಟಿನಿಂದಲೇ ಬಂದ ಕೊಬ್ಬಿನಾಮ್ಲದ ಒಂದು ಲೇಪವಿದೆ. ಲೇಪ ಇರುವವರೆಗೆ ಕೂದಲು ನುಣುಪು; ಬಣ್ಣ ಹಾಕಿ, ಬ್ಲೀಚ್ ಮಾಡಿ ಅದು ಕಳೆದುಹೋದಾಗ ಚಕ್ಕೆಗಳು ಒಂದಕ್ಕೊಂದು ಗರಗಸದಂತೆ ತಾಗುತ್ತವೆ. ಬುಡದಿಂದ ತುದಿಗೆ ಬೆರಳು ಎಳೆದಾಗ ನಯವಾಗಿ, ತುದಿಯಿಂದ ಬುಡಕ್ಕೆ ಎಳೆದಾಗ ತರಿತರಿಯಾಗಿ ತೋರುವುದು ಚಕ್ಕೆಗಳ ಬಾಯಿ ತುದಿಯ ಕಡೆಗಿರುವುದರಿಂದಲೇ.

ಕೂದಲು ಬಾಚಣಿಗೆಯ ಹಿಂದೆ ಎದ್ದು ನಿಲ್ಲುವುದೂ ತೇವದ ಕೊರತೆಯ ಫಲ. ಪ್ಲಾಸ್ಟಿಕ್ ಬಾಚಣಿಗೆ ಉಜ್ಜಿದಾಗ ಕೂದಲಿನಿಂದ ಎಲೆಕ್ಟ್ರಾನುಗಳು ಬಾಚಣಿಗೆಗೆ ಹೋಗುತ್ತವೆ. ಎಳೆಗಳೆಲ್ಲ ಧನ ವಿದ್ಯುದಂಶ ಪಡೆದು ಒಂದನ್ನೊಂದು ದೂಡುತ್ತವೆ. ತೇವವಿರುವ ಕೂದಲು ವಿದ್ಯುತ್ತನ್ನು ಅಷ್ಟಿಷ್ಟು ಹರಿಯಗೊಡುವುದರಿಂದ ಮಳೆಗಾಲದಲ್ಲಿ ಈ ವಿದ್ಯುದಂಶ ಬಲುಬೇಗ ಸೋರಿಹೋಗುತ್ತದೆ. ಒಣಗಿದ ಎಳೆಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಮರದ ಅಗಲ ಹಲ್ಲಿನ ಬಾಚಣಿಗೆ, ಅಂಗೈಗೆ ಸವರಿಕೊಂಡ ಎರಡು ಹನಿ ಎಣ್ಣೆ, ಇಲ್ಲವೇ ತುಸು ನೀರು ಮುಟ್ಟಿಸಿದ ಬೆರಳು, ಇಷ್ಟರಲ್ಲೇ ಇದು ಶಮನವಾಗುತ್ತದೆ.

ಎಣ್ಣೆಗಳಲ್ಲಿ ಕೊಬ್ಬರಿ ಎಣ್ಣೆಗೆ ವಿಶೇಷ ಸ್ಥಾನವಿದೆ, ಅದು ಬರೀ ವಾಡಿಕೆಯ ಮಾತಲ್ಲ. ಅದರ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲದ್ದು. ಈ ಅಣು ಚಿಕ್ಕದು, ನೆಟ್ಟಗಿನದು, ಪ್ರೋಟೀನಿನ ಕಡೆಗೆ ಒಲವುಳ್ಳದ್ದು. ಹಾಗಾಗಿ ಅದು ಎಳೆಯ ಒಳಗೂ ಇಳಿಯುತ್ತದೆ. ಮುಂಬಯಿಯ ರೆಲೆ ಮತ್ತು ಮೋಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ ಹಚ್ಚಿದ ಕೂದಲಿನಿಂದ ತೊಳೆಯುವಾಗ ಹೋಗುವ ಪ್ರೋಟೀನು ಕಡಿಮೆಯಾಗಿತ್ತು; ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆಯಿಂದ ಆ ಲಾಭ ಸಿಗಲಿಲ್ಲ. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದವರು ಎಂಬುದನ್ನೂ ಓದುಗರು ತಿಳಿದಿರಬೇಕು. ಕೂದಲಿಗೆ ಹೆಚ್ಚಿನ ಪೆಟ್ಟು ಬೀಳುವುದು ನೀರಿನಲ್ಲಿ ಉಬ್ಬಿ ಮತ್ತೆ ಕುಗ್ಗುವಾಗ. ತಲೆಸ್ನಾನಕ್ಕೆ ಮುಂಚೆ ಹಚ್ಚಿದ ಎಣ್ಣೆ ಈ ಉಬ್ಬುವಿಕೆಯನ್ನು ತಗ್ಗಿಸುತ್ತದೆ. ಚಳಿಗಾಲದ ಬಾಗಿಲಲ್ಲೇ ಬರುವ ನರಕ ಚತುರ್ದಶಿಯ ಎಣ್ಣೆಸ್ನಾನದಲ್ಲಿ ಎಣ್ಣೆ ಮೊದಲು, ನೀರು ಆಮೇಲೆ. ಆ ಕ್ರಮ ಎಷ್ಟು ಸರಿಯಾದುದೆಂದು ಇದರಿಂದ ತಿಳಿಯುತ್ತದೆ. ಕೊಬ್ಬರಿ ಎಣ್ಣೆ 24–25 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಅದು ಕೆಟ್ಟದ್ದರ ಗುರುತಲ್ಲ. ಸೀಸೆಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕರಗುತ್ತದೆ, ಒಲೆಯ ಮೇಲೆ ಕಾಯಿಸುವ ಅಗತ್ಯವಿಲ್ಲ. ಹರಳೆಣ್ಣೆ ಮಂದವಾದದ್ದು, ಮೇಲ್ಮೈಯಲ್ಲೇ ಅಂಟಿ ಕೂರುತ್ತದೆ. ಅದನ್ನು ತೊಳೆಯಲು ಹೆಚ್ಚು ಉಜ್ಜಬೇಕಾಗುವುದೇ ಕೂದಲಿಗೆ ಕಷ್ಟ.

ಹಂಡೆಯಿಂದ ಹಬೆಯಾಡುವ ನೀರು ಸುರಿದುಕೊಳ್ಳುವುದು ಚಳಿಯಲ್ಲಿ ಹಿತ, ಆದರೆ ಸುಡುನೀರು ನೆತ್ತಿಯ ಜಿಡ್ಡನ್ನು ತೀರ ತೊಳೆದುಬಿಡುತ್ತದೆ. ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಮೈಸೋಪನ್ನು ತಲೆಗೆ ಉಜ್ಜುವ ಅಭ್ಯಾಸ ಚಳಿಗಾಲದಲ್ಲಂತೂ ಬಿಡಬೇಕಾದದ್ದು. ಸೋಪು ಕ್ಷಾರೀಯ, ಚಕ್ಕೆಗಳನ್ನು ಉಬ್ಬಿಸಿ ಎಬ್ಬಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಅದರ ಜೊತೆ ಸೇರಿ ಬಿಳಿಯ ಗಷ್ಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಸೀಗೆಕಾಯಿಯಲ್ಲಿ ನೊರೆ ಬರಿಸುವುದು ಸಪೋನಿನ್. ಅದರ ನೀರು ತುಸು ಆಮ್ಲೀಯವಾದ್ದರಿಂದ ಚಕ್ಕೆಗಳಿಗೆ ಒಗ್ಗುತ್ತದೆ. ಶಾಂಪೂ ಬಳಸುವವರು ಅದನ್ನು ನೆತ್ತಿಗಷ್ಟೇ ಹಚ್ಚಿ, ಕಂಡೀಷನರನ್ನು ನಡುವಿನಿಂದ ತುದಿಯವರೆಗೆ ಸವರುವುದು ಕ್ರಮ. ಕಂಡೀಷನರಿನ ಕೆಲಸ ಸರಳ: ತೊಳೆದ ಕೂದಲಿನ ಮೈಮೇಲೆ, ಅದರಲ್ಲೂ ಸವೆದ ಕಡೆ, ಋಣ ವಿದ್ಯುದಂಶ ಇರುತ್ತದೆ, ಕಂಡೀಷನರಿನ ಧನ ವಿದ್ಯುದಂಶದ ಅಣುಗಳು ಅಲ್ಲಿಗೇ ಹೋಗಿ ಅಂಟಿ, ತಮ್ಮ ಕೊಬ್ಬಿನ ಬಾಲವನ್ನು ಹೊರಗೆ ಚಾಚುತ್ತವೆ. ಕಳೆದುಹೋದ ಲೇಪಕ್ಕೆ ಅದೊಂದು ತಾತ್ಕಾಲಿಕ ಬದಲಿ.

ಒದ್ದೆ ಕೂದಲಿನಿಂದ ನೆಗಡಿ ಹುಟ್ಟುವುದಿಲ್ಲ, ನೆಗಡಿ ತರುವುದು ವೈರಸ್. ಆದರೆ ಪ್ರತಿ ಗ್ರಾಂ ನೀರು ಆರುವಾಗಲೂ ಸುಮಾರು 580 ಕ್ಯಾಲೊರಿ ಶಾಖ ಸೆಳೆದುಕೊಳ್ಳುವುದರಿಂದ ತಲೆ ನಡುಗುವಷ್ಟು ತಣ್ಣಗಾಗುತ್ತದೆ. ಟವೆಲಿನಿಂದ ತಿಕ್ಕುವ ಬದಲು ಹಿಂಡಿ, ಒತ್ತಿ ನೀರು ತೆಗೆಯಬೇಕು. ಒದ್ದೆ ಎಳೆ ಒಣ ಎಳೆಗಿಂತ ಸುಲಭವಾಗಿ ಜಗ್ಗಿ ಹಾಳಾಗುತ್ತದೆ. ಹೇರ್ ಡ್ರೈಯರನ್ನು ಪೂರ್ತಿ ದೂರುವಂತಿಲ್ಲ. 2011ರಲ್ಲಿ ಕೊರಿಯಾದ ವೈದ್ಯರು ಪ್ರಕಟಿಸಿದ ಪ್ರಯೋಗದಲ್ಲಿ 5 ಸೆಂಟಿಮೀಟರ್ ದೂರದಿಂದ ಹಿಡಿದ ಬಿಸಿಗಾಳಿ ಚಕ್ಕೆಗಳನ್ನು ಬಿರುಕುಬಿಡಿಸಿತು. 15 ಸೆಂಟಿಮೀಟರ್ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಹಿಡಿದಾಗ ಹಾನಿ ಕಡಿಮೆಯಿತ್ತು. ತಾನಾಗಿ ಆರಲು ಬಿಟ್ಟ ಕೂದಲಿನಲ್ಲಿ ಚಕ್ಕೆಗಳು ಚೆನ್ನಾಗಿದ್ದರೂ ಅವುಗಳ ನಡುವಿನ ಅಂಟುಪದರಕ್ಕೆ ಪೆಟ್ಟು ಬಿದ್ದಿತ್ತು. ಬಹಳ ಹೊತ್ತು ನೀರಿನಲ್ಲಿ ನೆಂದು ಉಬ್ಬಿರುವುದೂ ಕೂದಲಿಗೆ ಒಳ್ಳೆಯದಲ್ಲ. ಎಳೆಬಿಸಿಲು ಸಿಗುವ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಡ್ರೈಯರ್ ಬೇಕಿಲ್ಲ.

ತಲೆಹೊಟ್ಟನ್ನು ಒಣಚರ್ಮ ಎಂದು ತಿಳಿದು ಎಣ್ಣೆ ಮೆತ್ತುವುದು ಚಳಿಗಾಲದ ದೊಡ್ಡ ತಪ್ಪು. ಒಣಚರ್ಮದ ಪುಡಿ ಸಣ್ಣದು, ಬಿಳಿಯದು, ಉದುರುವಂಥದ್ದು. ಹೊಟ್ಟಿನ ಚಕ್ಕೆ ದೊಡ್ಡದು, ಜಿಡ್ಡಿನದು, ಕೆಲವೊಮ್ಮೆ ಹಳದಿ, ಜೊತೆಗೆ ತುರಿಕೆ. ಹೊಟ್ಟಿನ ಹಿಂದೆ ಮಲಸೀಜಿಯ ಎಂಬ ಶಿಲೀಂಧ್ರವಿದೆ. ಅದು ಎಲ್ಲರ ನೆತ್ತಿಯ ಮೇಲೂ ಇದ್ದು ಅಲ್ಲಿನ ಜಿಡ್ಡನ್ನು ತಿನ್ನುತ್ತದೆ. ತಿಂದು ಬಿಟ್ಟ ಓಲಿಯಿಕ್ ಆಮ್ಲ ಕೆಲವರ ಚರ್ಮವನ್ನು ಕೆರಳಿಸುತ್ತದೆ. ಅಲ್ಲಿಗೆ ಎಣ್ಣೆ ಸುರಿದರೆ ಶಿಲೀಂಧ್ರಕ್ಕೆ ಊಟ ಬಡಿಸಿದಂತೆ. ಕೀಟೋಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂವನ್ನು ಮೂರರಿಂದ ಐದು ನಿಮಿಷ ನೆತ್ತಿಯಲ್ಲಿ ಬಿಟ್ಟು ತೊಳೆದರೆ ಬಹುಪಾಲು ಹತೋಟಿಗೆ ಬರುತ್ತದೆ. ಕೆಲವು ವಾರಗಳಲ್ಲಿ ಇಳಿಯದಿದ್ದರೆ, ಚರ್ಮ ಕೆಂಪಾಗಿ ದಪ್ಪಗಟ್ಟಿದರೆ ಚರ್ಮವೈದ್ಯರಿಗೆ ತೋರಿಸಬೇಕು.

ಸಿಂಗಾರಕ್ಕೆ ಮಾತ್ರ ಈ ಒಣಗಾಳಿ ಅನುಕೂಲ. ಕೆರಾಟಿನ್ ಸರಪಳಿಗಳನ್ನು ಹಿಡಿದಿರುವ ಬಂಧಗಳಲ್ಲಿ ಗಂಧಕದ ಬಂಧ ಗಟ್ಟಿ, ಪಾರ್ಲರಿನ ರಾಸಾಯನಿಕಗಳಿಗೆ ಮಾತ್ರ ಜಗ್ಗುತ್ತದೆ. ಜಲಜನಕದ ಬಂಧ ನೀರು ತಾಗಿದರೆ ಬಿಚ್ಚಿ, ಆರಿದಾಗ ಆಗಿನ ಆಕಾರದಲ್ಲೇ ಮತ್ತೆ ಕೂಡುತ್ತದೆ. ತುಸು ತೇವದ ಕೂದಲಿಗೆ ಸಡಿಲವಾಗಿ ಹೆಣೆದ ಜಡೆಯನ್ನು ಪೂರ್ತಿ ಆರಿದ ಮೇಲೆ ಬಿಚ್ಚಿದಾಗ ಬರುವ ಅಲೆ ಈ ಬಂಧದ ಕೆಲಸ. ಮಂಗಳೂರಿನ ತೇವಗಾಳಿಯಲ್ಲಿ ಬೇಗ ಇಳಿದುಹೋಗುವ ಆ ಅಲೆ ವಿಜಯಪುರದ ಮಾಗಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಶಾಖವೇ ಇಲ್ಲದ ಈ ವಿಧಾನ ಸಿಗುವಾಗ ಕಾದ ಸ್ಟ್ರೇಟ್ನರಿನ ಅಗತ್ಯ ಕಡಿಮೆ. ಬಳಸಲೇಬೇಕಾದರೆ ಕೂದಲು ಪೂರ್ತಿ ಒಣಗಿರಬೇಕು. ತೇವವಿದ್ದರೆ ಎಳೆಯೊಳಗಿನ ನೀರು ಕುದಿದು ಆವಿಯಾಗಿ ಗುಳ್ಳೆಗಳೇಳುತ್ತವೆ, ಆ ಜಾಗದಲ್ಲೇ ಎಳೆ ತುಂಡಾಗುತ್ತದೆ.

ಉಣ್ಣೆಯ ಮಂಕಿ ಟೋಪಿ, ಮಫ್ಲರುಗಳು ತಲೆಯನ್ನು ಬೆಚ್ಚಗಿಡುತ್ತವೆ, ಆದರೆ ಉಣ್ಣೆಯ ಮೈಯೂ ಚಕ್ಕೆಚಕ್ಕೆಯದೇ, ಕೂದಲನ್ನು ತಿಕ್ಕುತ್ತದೆ. ಒಳಗೆ ರೇಷ್ಮೆಯದೋ ನುಣುಪಾದ ಸ್ಯಾಟಿನ್ನಿನದೋ ಅಸ್ತರಿದ್ದರೆ ತಿಕ್ಕಾಟ ತಗ್ಗುತ್ತದೆ. ಹೊಟ್ಟಿರುವವರು ಟೋಪಿಯನ್ನು ಆಗಾಗ ಒಗೆಯಬೇಕು.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ಚಳಿಯೇ ಕೂದಲನ್ನು ಉದುರಿಸುತ್ತದೆ ಎನ್ನಲು ಆಧಾರವಿಲ್ಲ. 1991ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಉದುರುವಿಕೆ ಹೆಚ್ಚಾಗಿದ್ದದ್ದು ಆಗಸ್ಟ್–ಸೆಪ್ಟೆಂಬರಿನಲ್ಲಿ. ಮಾಗಿಯಲ್ಲಿ ಬಾಚಣಿಗೆಗೆ ಬರುವ ಎಳೆಗಳಲ್ಲಿ ಅನೇಕವು ಉದುರಿದವಲ್ಲ, ನಡುವೆ ಮುರಿದವು. ಎಳೆಯನ್ನು ಬೆಳಕಿಗೆ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ: ಉದುರಿದ್ದಕ್ಕೆ ಬುಡದಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿಯ ಗಂಟಿರುತ್ತದೆ, ಮುರಿದದ್ದಕ್ಕೆ ಎರಡು ತುದಿಯೂ ಬೋಳು.