ಹಳೆಯ ಟೆಂಪೊದ ಮಂದ ಹೆಡ್‌ಲೈಟ್: ಬಲ್ಬ್ ಬದಲಿಸುವ ಮುನ್ನ

ನಮ್ಮ ಉದ್ಯಮದ ಅರ್ಧ ಓಡಾಟ ಕತ್ತಲೆಯಲ್ಲೇ ನಡೆಯುತ್ತದೆ. ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಟೆಂಪೊ ಹೊರಡುವುದು ಬೆಳಗಿನ ಜಾವ. ಮದುವೆ, ಮುಂಜಿ, ಪೂಜೆಯ ಕೇಟರಿಂಗ್ ಮುಗಿಸಿ ಕಡಾಯಿ, ಹಂಡೆ, ಒಲೆಗಳನ್ನು ಹೇರಿಕೊಂಡು ಹಿಂದಿರುಗುವುದು ನಡುರಾತ್ರಿ. ದಾರಿ ಕೆಲವೊಮ್ಮೆ ಘೋಡ್‌ಬಂದರ್ ರಸ್ತೆ, ಕೆಲವೊಮ್ಮೆ ಗೋರೆಗಾಂವ್‌ನ ಆರೇ ಕಾಲೊನಿ. ಗಾಡಿ ಹತ್ತು ಹನ್ನೆರಡು ವರ್ಷ ಹಳೆಯದಾಗಿದ್ದರೆ ಡ್ರೈವರ್‌ನಿಂದ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ: "ಸೇಠ್, ಲೈಟ್ ಸಾಲುವುದಿಲ್ಲ."

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಡ್ರೈವರ್ ಅಡ್ಡಿಯನ್ನು ಕಂಡು, ಬ್ರೇಕ್ ಒತ್ತಿ, ಗಾಡಿ ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ ಸುಮಾರು 50 ಮೀಟರ್ ಕಳೆದಿರುತ್ತದೆ. ಮಳೆಯಲ್ಲಿ, ಭರ್ತಿ ಲೋಡಿನಲ್ಲಿ ಇನ್ನೂ ಹೆಚ್ಚು. ಲೈಟಿನಲ್ಲಿ 30 ಮೀಟರ್ ಮಾತ್ರ ಕಾಣುವಂತಿದ್ದರೆ ಉಳಿದ 20 ಮೀಟರ್ ದೇವರ ಮೇಲೆ ಭಾರ. ಕ್ಯಾಬಿನಿನಲ್ಲಿ ಕುಳಿತಿರುವವರು ನಮ್ಮ ಹುಡುಗರೇ.

ತಪ್ಪು ಎಲ್ಲಿ ಆಗುತ್ತದೆ?

ಸಾಮಾನ್ಯವಾಗಿ ನಾವು ಮಾಡುವುದು ಒಂದೇ ಕೆಲಸ: 60/55 ವಾಟ್ ಬಲ್ಬ್ ತೆಗೆದು 100/90 ವಾಟ್ ಹಾಕಿಸುವುದು. ಆದರೆ ಗ್ಯಾಸ್ ಪೈಪ್ ಕಟ್ಟಿಕೊಂಡಿರುವಾಗ ದೊಡ್ಡ ಬರ್ನರ್ ಇಟ್ಟರೆ ಉರಿ ಹೆಚ್ಚುತ್ತದೆಯೇ? ಹಳೆಯ ಗಾಡಿಯ ಕಥೆಯೂ ಇದೇ. ಅನೇಕ ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಬ್ಯಾಟರಿಯಿಂದ ಸ್ಟೀರಿಂಗ್ ಬಳಿಯ ಸ್ವಿಚ್ಚಿಗೆ ಬಂದು, ಅಲ್ಲಿಂದ ತೆಳು ವೈರಿನಲ್ಲಿ ಮತ್ತೆ ಮುಂದಕ್ಕೆ ಹೋಗುತ್ತದೆ. ಮುಂಬಯಿಯ ಉಪ್ಪುಗಾಳಿಗೆ, ಮಳೆನೀರಿಗೆ ಜಾಯಿಂಟುಗಳು, ಅರ್ಥಿಂಗ್ ಬೋಲ್ಟುಗಳು ಹಸಿರುಗಟ್ಟುತ್ತವೆ. ಹೀಗೆ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ.

ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಶೇ. 10 ಅಲ್ಲ, ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ದೊಡ್ಡ ಬಲ್ಬ್ ಹಾಕಿದರೆ ಅದೇ ಹಳೆಯ ವೈರಿನಲ್ಲಿ ಕರೆಂಟು ಹೆಚ್ಚಾಗಿ ಸೋರಿಕೆಯೂ ಹೆಚ್ಚುತ್ತದೆ. ಡಿಪ್ಪರ್‌ನಲ್ಲಿ 55 ವಾಟಿನ ಬದಲು 90 ವಾಟ್ ಉರಿಸಿದರೆ ವೈರಿನಲ್ಲಿ ಹುಟ್ಟುವ ಬಿಸಿ ಎರಡೂವರೆ ಪಟ್ಟು ಮೀರುತ್ತದೆ. ಹೋಲ್ಡರ್ ಕರಗುವುದು, ಸ್ವಿಚ್ ಸುಟ್ಟು ನಡುದಾರಿಯಲ್ಲಿ ಎರಡೂ ಲೈಟ್ ಆರಿಹೋಗುವುದು ಇದರಿಂದಲೇ.

ಮೊದಲು ಅಳೆಯಿರಿ

ಸಾಧಾರಣ ಮಲ್ಟಿಮೀಟರ್ ಸಾಕು. ಇಂಜಿನ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಡಿಪ್ಪರ್ ಹಾಕಿ, ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಅಳೆಯಿರಿ. 13.5ರಿಂದ 14.4 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆಯಿದ್ದರೆ ಆಲ್ಟರ್ನೇಟರ್, ಬೆಲ್ಟ್, ಬ್ಯಾಟರಿ ನೋಡಿಸಿ.

ಬಳಿಕ ಬಲ್ಬ್ ಉರಿಯುತ್ತಿರುವಾಗಲೇ ಅದರ ಹೋಲ್ಡರಿನ ಹಿಂದೆ ಅಳೆಯಿರಿ. ಬ್ಯಾಟರಿಗೂ ಬಲ್ಬಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ಬಲ್ಬಿನದಲ್ಲ, ದಾರಿಯದು. ಉದಾಹರಣೆಗೆ, ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿನಲ್ಲಿ 12 ಬಂದರೆ, ಹಣ ಕೊಟ್ಟು ಕೊಂಡ ಬೆಳಕಿನ ದೊಡ್ಡ ಪಾಲು ವೈರಿನಲ್ಲೇ ಉಳಿದಿದೆ ಎಂದರ್ಥ.

ರಿಲೇ ಹಾಕಿಸುವ ಕ್ರಮ

ಅಡುಗೆಮನೆಯ ಎಕ್ಸಾಸ್ಟ್ ಮೋಟರಿಗೆ ಸ್ಟಾರ್ಟರ್ ಇರುವಂತೆ ಹೆಡ್‌ಲೈಟಿಗೆ ರಿಲೇ. ಬ್ಯಾಟರಿಯಿಂದ ದಪ್ಪ ವೈರ್ ನೇರವಾಗಿ ರಿಲೇಗೆ, ಅಲ್ಲಿಂದ ಬಲ್ಬಿಗೆ. ಹಳೆಯ ಸ್ವಿಚ್ಚಿನ ಕೆಲಸ ರಿಲೇಗೆ ಸನ್ನೆ ಮಾಡುವುದಷ್ಟೇ. ಡಿಪ್ಪರಿಗೆ ಒಂದು, ಅಪ್ಪರಿಗೆ ಒಂದು, ಹೀಗೆ ಎರಡು ರಿಲೇ ಬೇಕು. ವೈರ್ 2.5 ಚದರ ಮಿ.ಮೀ. ಇರಲಿ. ಪ್ರತಿ ರಿಲೇಗೂ 15ರಿಂದ 20 ಆಂಪಿಯರ್ ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು. ಫ್ಯೂಸ್ ಬೇಡ ಎನ್ನುವ ಇಲೆಕ್ಟ್ರಿಷಿಯನ್‌ನ ಕೈಗೆ ಗಾಡಿ ಕೊಡಬೇಡಿ. ಸಿಎನ್‌ಜಿ ಗಾಡಿಯಾದರೆ ವೈರ್ ಗ್ಯಾಸ್ ಪೈಪಿಗೆ ತಾಗದಂತೆ ಕಟ್ಟಿಸಿ. ಬಲ್ಬಿನ ಅರ್ಥಿಂಗಿಗೂ ಹೊಸ ವೈರ್ ಎಳೆಸಿ. ಕಂಪೆನಿಯಿಂದಲೇ ರಿಲೇ ಇರುವ ಗಾಡಿಯಲ್ಲಿ ಜಾಯಿಂಟ್ ಮತ್ತು ಅರ್ಥಿಂಗ್ ಶುಚಿ ಮಾಡಿದರೆ ಸಾಕಾಗಬಹುದು.

ಬಲ್ಬ್ 60/55 ವಾಟಿನದೇ ಇರಲಿ, ಒಳ್ಳೆಯ ಕಂಪೆನಿಯದಿರಲಿ. ಅದರ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಎಣ್ಣೆಗೈ ತಾಗಿದ ಕಡೆ ಗಾಜು ವಿಪರೀತ ಬಿಸಿಯಾಗಿ ಬಲ್ಬ್ ಬೇಗ ಹೋಗುತ್ತದೆ.

ಲೈಟಿನ ಒಳಗಿನ ರಿಫ್ಲೆಕ್ಟರ್ ಕಪ್ಪಿಟ್ಟಿದ್ದರೆ ಉಜ್ಜಬೇಡಿ, ಹೊಳಪಿನ ಲೇಪ ಎದ್ದುಬರುತ್ತದೆ. ಪೂರ್ತಿ ಲೈಟನ್ನೇ ಬದಲಿಸಬೇಕು. ಕುರ್ಲಾದ ಸಿಎಸ್‌ಟಿ ರೋಡಿನಂಥ ಕಡೆ ಕೊಳ್ಳುವಾಗ ನಿಮ್ಮ ಮಾಡೆಲಿನದೇ, ಎಡಬದಿ ಸಂಚಾರಕ್ಕೆ ಮಾಡಿದ್ದೇ ಎಂದು ಖಚಿತಪಡಿಸಿಕೊಳ್ಳಿ. ನಮ್ಮ ಡಿಪ್ಪರ್ ಬೆಳಕು ಎಡಕ್ಕೆ ಸ್ವಲ್ಪ ಮೇಲೇಳಬೇಕು. ಬಲಕ್ಕೆ ಎದ್ದರೆ ಎದುರಿನವನ ಕಣ್ಣಿಗೆ ಹೊಡೆಯುತ್ತದೆ.

ಎಲ್ಇಡಿ ಹಾಕಬಹುದೇ?

ಹ್ಯಾಲೊಜೆನ್ ಬಲ್ಬಿನಲ್ಲಿ ಡಿಪ್ಪರ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲಿದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೇ. ರಿಫ್ಲೆಕ್ಟರನ್ನು ಆ ತಂತಿಯ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅದೇ ಹೋಲ್ಡರಿಗೆ ಎಲ್ಇಡಿ ತುರುಕಿದರೆ ಬೆಳಕು ಚದರುತ್ತದೆ. ಗೋಡೆಯ ಮೇಲೆ ಬೆಳ್ಳಗೆ ಕಂಡರೂ ದೂರದ ಹೊಂಡ ಕಾಣುವುದಿಲ್ಲ, ಎದುರಿನವನಿಗೆ ಕಣ್ಣು ಕತ್ತಲೆ.

ಕಾನೂನೂ ಅಡ್ಡ ಬರುತ್ತದೆ. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ ಆಗಬಹುದು. ಎಂಟು ವರ್ಷ ದಾಟಿದ ಸಾಗಾಟದ ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಆಗಬೇಕು. ಅಲ್ಲಿಯೂ ಹೆಡ್‌ಲೈಟ್ ಪರೀಕ್ಷೆಯಿದೆ.

ಕೊನೆಯ ಕೆಲಸ: ಕೋನ ಸರಿಪಡಿಸುವುದು

ಇದನ್ನು ಮರೆಯುವವರೇ ಹೆಚ್ಚು. ಹಿಂದೆ ಪಾತ್ರೆ, ಅಕ್ಕಿ ಮೂಟೆ ಹೇರಿದಾಗ ಗಾಡಿಯ ಮೂತಿ ಮೇಲೇಳುತ್ತದೆ, ಬೆಳಕು ರಸ್ತೆ ಬಿಟ್ಟು ಆಕಾಶ ನೋಡುತ್ತದೆ. ಆದ್ದರಿಂದ ದಿನನಿತ್ಯದ ಲೋಡ್ ಹಾಕಿಕೊಂಡೇ ಸಮತಟ್ಟು ಜಾಗದಲ್ಲಿ ಗೋಡೆಗೆ ಮುಖಮಾಡಿ 5 ಮೀಟರ್ ದೂರ ನಿಲ್ಲಿಸಿ. ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕಿ. ಡಿಪ್ಪರ್ ಬೆಳಕಿನ ಮೇಲಂಚು ಆ ಗುರುತಿಗಿಂತ 5ರಿಂದ 7 ಸೆಂ.ಮೀ. ಕೆಳಗಿರಬೇಕು. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಏರಿಸಿ ಇಳಿಸುವ ಸ್ವಿಚ್ ಇದ್ದರೆ ಲೋಡಿಗೆ ತಕ್ಕಂತೆ ತಿರುಗಿಸಲು ಡ್ರೈವರಿಗೆ ಹೇಳಿಕೊಡಿ.

ಶುಚಿ, ಅಳತೆ, ರಿಲೇ, ಸರಿಯಾದ ಬಲ್ಬ್, ಕೋನ. ಈ ಕ್ರಮದಲ್ಲಿ ಹೋದರೆ ಹೆಚ್ಚಿನ ಹಳೆಯ ಟೆಂಪೊಗಳಿಗೆ ಕಳೆದುಹೋದ ಬೆಳಕು ಮರಳಿ ಬರುತ್ತದೆ. ಜೂನ್ ಮಳೆ ಹಿಡಿಯುವ ಮೊದಲೇ ಮಾಡಿಸಿಬಿಡಿ. ಅದಕ್ಕೂ ಮುಂಚೆ ಒಂದು ರಾತ್ರಿ ನಿಮ್ಮ ಟೆಂಪೊದಲ್ಲಿ ಡ್ರೈವರ್ ಪಕ್ಕ ನೀವೇ ಕುಳಿತು ಬನ್ನಿ. ಅವನು ಏನನ್ನು ಕಾಣದೆ ಓಡಿಸುತ್ತಿದ್ದಾನೆಂದು ತಿಳಿಯುತ್ತದೆ.