ಲೋಮನಾಳದಲ್ಲಿ ರಕ್ತದ ಪಯಣ

ಸಂಜಯನಗರದ ಮನೆಗಳ ನಲ್ಲಿಯಲ್ಲಿ ಬೀಳುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ ಬರುತ್ತದೆ. ಹೊರಡುವಾಗ ಆಳು ನುಸುಳಬಹುದಾದಷ್ಟು ಅಗಲವಾಗಿದ್ದ ಕೊಳವೆ, ಮನೆಯನ್ನು ಮುಟ್ಟುವ ವೇಳೆಗೆ ಹೆಬ್ಬೆರಳಿನಷ್ಟಾಗಿರುತ್ತದೆ. ನಮ್ಮ ದೇಹದಲ್ಲಿ ರಕ್ತದ ಪಯಣವೂ ಹೀಗೆಯೇ. ಹೃದಯದಿಂದ ಹೊರಡುವ ಮಹಾಧಮನಿಯ ಅಗಲ ಸುಮಾರು 25 ಮಿಲಿಮೀಟರು. ಕೊನೆಯ ಲೋಮನಾಳಗಳ ಅಗಲವಾದರೋ 5ರಿಂದ 10 ಮೈಕ್ರೋಮೀಟರು, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಅಷ್ಟು ಭಾಗ ಮಾತ್ರ.

ಕೊಳವೆ ಕಿರಿದಾದಂತೆ ಹರಿವಿಗೆ ತಡೆ ಹೆಚ್ಚುವುದೆಂಬುದನ್ನು ಎಲ್ಲರೂ ಬಲ್ಲೆವು. ಎಷ್ಟು ಹೆಚ್ಚುತ್ತದೆ? ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ಸುಮಾರಿನಲ್ಲಿ ಗಾಜಿನ ಸೂಕ್ಷ್ಮನಾಳಗಳಲ್ಲಿ ದ್ರವವನ್ನು ಹರಿಸಿ ಇದನ್ನು ಅಳೆದನು. ಅಗಲ ಅರ್ಧಕ್ಕಿಳಿದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟೂ ಅಲ್ಲ, 16 ಪಟ್ಟಾಗುತ್ತದೆ! ಧಮನಿಗಳ ತುದಿಯ ಕವಲುಗಳಾದ ಕಿರುಧಮನಿಗಳು ರಕ್ತದ ಹರಿವನ್ನು ಆಳುವುದು ಈ ನಿಯಮದಿಂದಲೇ. ಅವುಗಳ ಗೋಡೆಯ ಸ್ನಾಯು ತುಸು ಬಿಗಿದರೂ ಹರಿವು ಬಹಳ ತಗ್ಗುತ್ತದೆ. ದೇಹದಲ್ಲಿ ರಕ್ತಕ್ಕೆ ಒದಗುವ ತಡೆಯಲ್ಲಿ ದೊಡ್ಡ ಪಾಲು ಇವುಗಳದು. ಲೋಮನಾಳಗಳು ಇನ್ನೂ ಕಿರಿದು, ನಿಜ. ಆದರೆ ಅವು ಕೋಟಿಗಟ್ಟಲೆ ಇರುವುದರಿಂದ ರಕ್ತ ಹಂಚಿಹೋಗಿ, ಒಟ್ಟು ತಡೆ ಕಡಿಮೆಯಾಗುತ್ತದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೆಂಪು ರಕ್ತಕಣದ ಅಗಲ ಸುಮಾರು 8 ಮೈಕ್ರೋಮೀಟರು. ತನಗಿಂತ ಕಿರಿದಾದ ನಾಳದಲ್ಲಿ ಅದು ಹೇಗೆ ಸಾಗೀತು? ಕಣವು ಮೆದುವಾದುದು, ಬಾಗಿ, ಮಡಿಸಿಕೊಂಡು, ಒಂದರ ಹಿಂದೊಂದಾಗಿ ನುಸುಳುತ್ತದೆ. ಇನ್ನೂ ಸೋಜಿಗದ ಸಂಗತಿಯನ್ನು 1931ರಲ್ಲಿ ಸ್ವೀಡನ್ನಿನ ಫೋರೇಯಸ್ ಮತ್ತು ಲಿಂಡ್‌ಕ್ವಿಸ್ಟ್ ಪ್ರಕಟಿಸಿದರು: ಸುಮಾರು 0.3 ಮಿಲಿಮೀಟರಿಗಿಂತ ಸಣ್ಣ ನಾಳಗಳಲ್ಲಿ, ನಾಳ ಕಿರಿದಾದಂತೆಲ್ಲ ರಕ್ತ ತೆಳುವಾದಂತೆ ಹರಿಯುತ್ತದೆ. ಕಣಗಳು ನಡುವೆ ಸೇರಿ, ಅಂಚಿನ ರಕ್ತರಸವು ಎಣ್ಣೆಯಂತೆ ಜಾರುದಾರಿಯನ್ನು ಒದಗಿಸುವುದೇ ಇದಕ್ಕೆ ಕಾರಣ.

ಈ ಮೆದುತನ ಕೆಟ್ಟರೆ? ಅದೇ ಕುಡುಗೋಲು ಕಣ ರೋಗ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇದು ಕಂಡುಬರುತ್ತದೆ. ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಇದರ ಲಕ್ಷಣವನ್ನು 1952ರಲ್ಲಿಯೇ ಗುರುತಿಸಲಾಯಿತು. ಇಲ್ಲಿ ಹಿಮೋಗ್ಲೋಬಿನ್ನಿನ ಒಂದು ಘಟಕ ಮಾತ್ರ ಬದಲಾಗಿರುತ್ತದೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಬಳಿಕ ಅದು ಎಳೆಎಳೆಯಾಗಿ ಹೆಣೆದುಕೊಂಡು, ಕಣವನ್ನು ಗಡುಸಾಗಿಸಿ ಕುಡುಗೋಲಿನಂತೆ ಬಾಗಿಸುತ್ತದೆ. ಇದಕ್ಕೆ ತುಸು ಕಾಲ ಬೇಕು. ಬೇಗ ದಾಟಿದ ಕಣ ಪಾರಾಗುತ್ತದೆ. ಹರಿವು ನಿಧಾನವಾದರೆ ಕಣ ಗಡುಸಾಗುತ್ತದೆ. ಗಡುಸಾದ ಕಣ ಹರಿವನ್ನು ಮತ್ತಷ್ಟು ತಡೆಯುತ್ತದೆ. ನಾಳ ಕಟ್ಟಿಕೊಂಡೆಡೆಯಲ್ಲಿ ಮೂಳೆ, ಎದೆ, ಹೊಟ್ಟೆಗಳಲ್ಲಿ ಅಸಹನೀಯ ನೋವುಂಟಾಗುತ್ತದೆ.

ರೋಗಿಯು ಸಾಕಷ್ಟು ನೀರು ಕುಡಿಯಬೇಕು, ಚಳಿಗೆ ಮೈಯೊಡ್ಡಬಾರದು ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಹೈಡ್ರಾಕ್ಸಿಯೂರಿಯಾ ಎಂಬ ಔಷಧವೂ ನೋವಿನ ಸರದಿಯನ್ನು ತಗ್ಗಿಸುತ್ತದೆ. ತಂದೆ ತಾಯಿ ಇಬ್ಬರೂ ಈ ಲಕ್ಷಣದ ವಾಹಕರಾಗಿದ್ದರೆ, ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುವುದರಿಂದ, ಅದನ್ನು ತಿಳಿಸಬಲ್ಲದ್ದು ರಕ್ತಪರೀಕ್ಷೆಯೊಂದೇ. ಮದುವೆಗೆ ಮುಂಚೆ ಒಂದು ಹನಿ ರಕ್ತವನ್ನು ಪರೀಕ್ಷೆಗೆ ಕೊಡುವುದರಿಂದ ಮುಂದೆ ಹುಟ್ಟಲಿರುವ ಮಗುವಿಗೆ ರೋಗ ಬರುವ ಸಂಭವವಿದೆಯೇ ಎಂಬುದು ತಿಳಿಯುತ್ತದೆ.